ಮೇನ್ ಸ್ವಿಚ್ ಇಳಿಸಿದವರು ಯಾರು?

ಕಾಗದಪತ್ರ ಟೈಪು ಮಾಡಲು ಚಂದಾ ಕಟ್ಟುವ ತಂತ್ರಾಂಶವೇ ಬೇಕೇ, ಪುಕ್ಕಟೆಯದು ಸಾಕೇ ಎಂಬುದು ಮನುಕುಲವನ್ನು ಎರಡು ಪಾಳೆಯವಾಗಿ ಒಡೆದ ಪ್ರಶ್ನೆ. ನಮ್ಮ ಕೆಳಮಹಡಿಯ ಮುದ್ರಣಾಲಯದಲ್ಲಂತೂ ಅದರ ಹೆಸರಿನಲ್ಲಿ ಒಂದು ಹೆಣವೇ ಬಿತ್ತು.

ಯಜಮಾನ ತನ್ನ ಮೇಜಿನ ಮೇಲೆ ತಲೆಯಿಟ್ಟು ಸತ್ತಿದ್ದ. ಚಹಾ ಲೋಟದಲ್ಲಿ ವಿಷ. ಪಕ್ಕದಲ್ಲಿ ಅಚ್ಚಾದ ಹಾಳೆ: ‘ಹೆಂಡತಿಯ ಮಾತು ಕೇಳಿ ಪುಕ್ಕಟೆಯದು ಹಾಕಿಸಿದೆ. ಕೆಲಸ ಕೆಟ್ಟಿತು. ಸೋತೆ.’

ಆ ಹೆಂಡತಿ ಮೆಟ್ಟಿಲೇರಿ ನನ್ನ ದೊಡ್ಡಪ್ಪನ ಬಳಿ ಬಂದಳು. ದೊಡ್ಡಪ್ಪ ಪತ್ತೇದಾರಿಕೆಯಿಂದ ನಿವೃತ್ತರು. ಆ ನಿವೃತ್ತಿಯನ್ನು ಯಾರೂ ಒಪ್ಪಿರಲಿಲ್ಲ.

“ಹಳೇ ತಂತ್ರಾಂಶ ಕಳ್ಳ ಪ್ರತಿ ಅಂತ ಅದನ್ನ ತೆಗೆಯೋವಾಗ ಗೊತ್ತಾಯ್ತು ಸಾರ್. ‘ಸುಮ್ನಿರು, ನಾನೇ ವಿಚಾರಿಸ್ತೀನಿ’ ಅಂತ ನಮ್ಮ ಯಜಮಾನ್ರು ಅಂದಿದ್ರು. ಹೊಸದನ್ನ ನಾನೇ ಹಾಕಿದ್ದು, ಒಂದೊಂದು ಕಂಪ್ಯೂಟರಿಗೂ ಕೂರೋರ ಹೆಸರು ಬರೆದು. ನಾನೇ ಅವರನ್ನ ಕೊಂದ್ನಾ? ಅಷ್ಟು ಹೇಳಿಬಿಡಿ.”

“ಬೆಳಗ್ಗೆ ಬಾಗಿಲು ತೆಗೆದಾಗ ಏನು ಕಂಡೆ, ತಾಯಿ?”

“ಬರೀ ಕತ್ತಲೆ. ಕೊನೇಲಿ ಹೋಗೋರು ಮೇನ್ ಸ್ವಿಚ್ ಇಳಿಸೋದು ನಮ್ಮಲ್ಲಿ ರೂಢಿ. ಹಾಕಿದ ಮೇಲೇ ಅವರು ಕಂಡಿದ್ದು.”

ದೊಡ್ಡಪ್ಪ ಚಪ್ಪಲಿ ಹುಡುಕತೊಡಗಿದರು.

ಕೆಳಗೆ ಅವಳನ್ನೂ, ಅಚ್ಚಿನ ಮೇಸ್ತ್ರಿಯನ್ನೂ, ಲೆಕ್ಕ ನೋಡುತ್ತಿದ್ದ ಅವಳ ಅಣ್ಣನನ್ನೂ ಕೂರಿಸಿದರು. ಬಾಗಿಲಲ್ಲಿ ಇನ್ಸ್‌ಪೆಕ್ಟರು ನಿಂತರು.

“ಪುಕ್ಕಟೆ ಸಿಕ್ಕಿದ್ದೆಲ್ಲ ಗೋಳೇ ಅಂತ ಬಡ್ಕೊಂಡೆ. ಭಾವ ಕೇಳ್ಲಿಲ್ಲ,” ಎಂದ ಅಣ್ಣ.

“ಸೊಳ್ಳೆ ಕಚ್ಚಿದ್ರೂ ಅದಕ್ಕೇ ಬೈತಿದ್ರಿ, ಕಲಿಯೋಕೂ ಒಪ್ಪಲಿಲ್ಲ ಬಿಡಿ,” ಎಂದ ಮೇಸ್ತ್ರಿ.

“ವಿಷ ಕುಡಿಯೋಕೆ ಕೂತವನು ಬಾಗಿಲವರೆಗೆ ಹೋಗಿ ಸ್ವಿಚ್ ಇಳಿಸಿ, ಕತ್ತಲಲ್ಲಿ ತಡಕಾಡ್ತಾ ಬಂದು ಲೋಟ ಎತ್ತಲ್ಲ,” ಎಂದರು ದೊಡ್ಡಪ್ಪ. “ಯಜಮಾನರು ಸತ್ತ ಮೇಲೆ ಇನ್ನೊಬ್ಬರು ಹೊರಗೆ ಹೋಗಿದ್ದಾರೆ. ಕೈ ತನ್ನ ರೂಢಿ ಬಿಡಲಿಲ್ಲ. ತಾಯಿ, ಆ ಪತ್ರದ ಕಡತವನ್ನ ಯಜಮಾನರ ಕಂಪ್ಯೂಟರಲ್ಲಿ ತೆಗಿ.”

ಅದು ಎಲ್ಲರೂ ಬಳಸುವ ಫೋಲ್ಡರಿನಲ್ಲಿತ್ತು. ಅವಳು ಒತ್ತಿದಳು. ಪರದೆಯ ಮೇಲೆ ಮೂಡಿತು: ‘ಈ ಕಡತವನ್ನು ಅಣ್ಣ ತೆರೆದಿದ್ದಾರೆ.’

ಅಣ್ಣ ಎಂದು ಟೈಪು ಮಾಡಿದ್ದವಳು ಅವಳೇ.

“ಕಡತ ತೆರೆದವರ ಹೆಸರನ್ನ ಇದು ಗುರುತು ಹಾಕಿಡುತ್ತೆ, ಮುಚ್ಚಿದಾಗ ಅಳಿಸುತ್ತೆ. ಮುಚ್ಚೋ ಮೊದಲೇ ಕರೆಂಟು ಹೋದ್ರೆ ಹೆಸರು ಉಳಿಯುತ್ತೆ,” ಎಂದು ದೊಡ್ಡಪ್ಪ ಅಣ್ಣನತ್ತ ತಿರುಗಿದರು. “ಪತ್ರ ಬರೆದದ್ದು ನಿಮ್ಮ ಮೇಜಲ್ಲಿ. ಮುಚ್ಚದೇ ಸ್ವಿಚ್ ಇಳಿಸಿದ್ರಿ. ಕಲಿಯಲ್ಲ ಅಂತ ಹಟ ಹಿಡಿದವರಿಗೆ ಇದು ಹೇಗೆ ಗೊತ್ತಿರುತ್ತೆ? ಕಳ್ಳ ಪ್ರತಿಗೆ ವರ್ಷವರ್ಷ ಚಂದಾ ಅಂತ ಲೆಕ್ಕದಲ್ಲಿ ಬರೆದು ದುಡ್ಡು ಜೇಬಿಗಿಳಿಸಿದ್ರಿ. ಯಜಮಾನರು ಅದನ್ನೇ ವಿಚಾರಿಸಿದ್ರು.”

“ಅಣ್ಣಾ, ಚಹಾ ನೀನೇ ಕೊಟ್ಟೆಯಾ?”

“ಭಾವ ನನ್ನ ಪೊಲೀಸಿಗೆ ಕೊಡ್ತೀನಿ ಅಂದ ಕಣೇ,” ಎಂದ ಅವನು, ನೆಲ ನೋಡುತ್ತ.

ಅಣ್ಣನಿಗೆ ಜೀವಾವಧಿ ಶಿಕ್ಷೆಯಾಯಿತು. ಮೊದಲ ಸಾಕ್ಷಿ ಹೇಳಿದವಳು ತಂಗಿ.