ಬೇರು ಮೇಲಾದ ಲಂಟಾನ

ಕುತ್ತಿಗೆಯ ಎಡಭಾಗ ಪೂರ್ತಿ ಬಿರಿದಿತ್ತು. ಮಚ್ಚಿನೇಟಿಗೆ ಅಡ್ಡ ಹಿಡಿದ ಕೈಯ ಬೆರಳುಗಳೂ ತುಂಡಾಗಿದ್ದವು. ಕುಮಾರಸ್ವಾಮಿ ಲೇಔಟ್‌ನ ಹಿಂದಿನ ಕೆರೆಯಂಚಿನಲ್ಲಿ ಯಾರೋ ಲಂಟಾನ ಗಿಡಗಳನ್ನು ಕಿತ್ತು ಹೆಣದ ಮೇಲೆ ಹೇರಿದ್ದರು. ನಾಯಿಗಳು ಎಳೆದಾಡಿರದಿದ್ದರೆ ವಾಕಿಂಗಿಗೆ ಬಂದವರಿಗೆ ಕಾಲು ಕಾಣುತ್ತಲೇ ಇರಲಿಲ್ಲ.

ಸತ್ತವನು ಸುಭಾಷ್. ಹೊರದೇಶದಿಂದ ಬಂದು ಹಬ್ಬಿದ ಕಳೆ, ಮೀನುಗಳನ್ನು ಕೆರೆಯಿಂದ ತೆಗೆಯುವ ಸಂಸ್ಥೆಯೊಂದರಲ್ಲಿ ಸ್ಟೈಪೆಂಡ್ ಪಡೆಯುತ್ತಿದ್ದ ಇಂಟರ್ನ್. ನಿನ್ನೆ ಸಂಜೆಯೇ ಸತ್ತಿದ್ದಾನೆ ಎಂದರು ಡಾಕ್ಟರು.

"ಕೇಸ್ ಮುಗೀತು," ಎಂದರು ಇನ್‌ಸ್ಪೆಕ್ಟರ್ ಸಂಜೀವಯ್ಯ. "ನಿಂಗರಾಜ ಅಂತ ಇನ್ನೊಬ್ಬ ಇಂಟರ್ನ್. ನಿನ್ನೆ ಮಧ್ಯಾಹ್ನ ಇವನ ಕಾಲರ್ ಹಿಡ್ಕೊಂಡು ಕೂಗಾಡಿದ್ದಾನೆ. ಪೊದೇಲಿ ಸಿಕ್ಕಿದ್ದೂ ಅವನದೇ ಮಚ್ಚು. ಸಂಜೆ ಕೋರ್ಟಿಗೆ ಹಾಕೋಣ."

"ಸಾರ್, ಮೀನಿನ ಮಾರಯ್ಯ?" ಎಸ್‌ಐ ಲತಾಮಣಿಯ ದನಿ ಅರ್ಧಕ್ಕೇ ಸಣ್ಣದಾಯಿತು. "ಕೆರೆಗೆ ಕಳ್ಳತನದಲ್ಲಿ ಕ್ಯಾಟ್‌ಫಿಶ್ ಬಿಡ್ತಿದ್ದಿದ್ದನ್ನ ಈ ಹುಡುಗ್ರು ಹಿಡಿದುಕೊಟ್ರು ಅಂತ ಕಲ್ಲು ಹೊಡೆಸಿದ್ದ."

"ನೀನು ಓದಿದ ಈವ್ನಿಂಗ್ ಕಾಲೇಜಲ್ಲಿ ಪತ್ತೇದಾರಿಕೇನೂ ಹೇಳ್ಕೊಡ್ತಾರೇನಮ್ಮ?"

ಪೇದೆಗಳು ನಕ್ಕರು. ಲತಾಮಣಿಯ ಮುಖ ಬಿಸಿಯಾಯಿತು. ತನ್ನದೇ ತಪ್ಪಿರಬಹುದು. ಆದರೂ ಗಿಡಗಳನ್ನು ಇನ್ನೊಮ್ಮೆ ನೋಡಿದಳು. ಎಲ್ಲವೂ ತಲೆಕೆಳಗು. ಒಂದೊಂದರ ಬೇರೂ ಆಕಾಶಕ್ಕೆ.

*

ಲಾಕಪ್ಪಿನಲ್ಲಿ ನಿಂಗರಾಜನ ತುಟಿ ಒಡೆದಿತ್ತು. ಒಂದು ಕಣ್ಣು ಊದಿ ಮುಚ್ಚಿತ್ತು. ಬಾಗಲಕೋಟೆಯ ಹುಡುಗ, ಬಿಟಿಎಮ್‌ನಲ್ಲಿ ಬಾಡಿಗೆ ರೂಮು.

"ನಾ ಹೊಡದಿಲ್ರೀ ಮೇಡಂ. ನಮ್ಮವ್ವನ ಆಣಿ."

"ಕಾಲರ್ ಯಾಕೆ ಹಿಡಿದೆ?"

"'ಈ ಇಂಟರ್ನ್‌ಶಿಪ್ ಇನ್ನ ಇರಂಗಿಲ್ಲ, ನಾ ಎಲ್ಲಾ ಹೊರಗ ಹಾಕ್ತೀನಿ' ಅಂದ್ರಿ ಅಂವ. ಇದನ್ನೇ ನಂಬ್ಕೊಂಡ ಬಂದೀನ್ರಿ, ಸಿಟ್ಟ ಬಂತು. ಏನ ಹೊರಗ ಹಾಕ್ತಿ ಅಂತ ಕೇಳೂದ್ರಾಗ ನಮ್ಮ ಪ್ರಾಜೆಕ್ಟ್ ನೋಡ್ಕೊಳ್ಳೊ ಪ್ರಮೋದ್ ಸರ್ ಬಂದು ಬಿಡಿಸಿದ್ರು."

"ಮಚ್ಚು?"

"ಶೆಡ್ಡಿನಾಗ ಇಟ್ಟಿದ್ದೆ. ಅದಕ್ಕ ಕೀಲೀನೇ ಇಲ್ರಿ."

"ಲಂಟಾನ ಗಿಡಾನ ತಲೆಕೆಳಗೆ ಯಾಕೆ ಇಟ್ಟೆ?"

ಅವನ ಒಂಟಿ ಕಣ್ಣು ಪಿಳಿಪಿಳಿ ಎಂದಿತು. "ನಾ ನೀರಿನ ತಂಡದಾಂವರಿ. ಆ ಗಿಡಾ ಮುಟ್ಟೇ ಇಲ್ಲ."

*

ಜಯನಗರದ ಶಾಲೆಯೊಂದರಲ್ಲಿ ಮಕ್ಕಳಿಗೆ ಕೆರೆಯ ಪಾಠ ಹೇಳಲು ಬಂದಿದ್ದ ಅದೇ ಸಂಸ್ಥೆಯ ಇಂಟರ್ನ್ ಶಾಲಿನಿಯ ಕಣ್ಣು ಅತ್ತು ಕೆಂಪಾಗಿತ್ತು. ನಿನ್ನೆಯೂ ಕತ್ತಲಾಗುವ ತನಕ ಇಲ್ಲೇ ಇದ್ದಳೆಂದು ಹೆಡ್‌ಮಿಸ್ಟ್ರೆಸ್ ಬಸವಲಿಂಗಮ್ಮ ಹೇಳಿದರು.

"ಬೇರು ಮಣ್ಣಿಗೆ ತಾಗಿದ್ರೆ ಲಂಟಾನ ಮತ್ತೆ ಚಿಗುರತ್ತೆ ಮೇಡಂ. ಅದಕ್ಕೇ ಬೇರು ಮೇಲೆ ಮಾಡೇ ಹಾಕ್ಬೇಕು. ಒಂದು ತಪ್ಪಿದ್ರೂ ಪ್ರಮೋದ್ ಸಾರ್ ಉಗೀತಾರೆ. ಎಷ್ಟು ಅಭ್ಯಾಸ ಅಂದ್ರೆ, ಮನೇಲಿ ಕೊತ್ತಂಬರಿ ಕಟ್ಟನ್ನೂ ಹಾಗೇ ಇಡ್ತೀನಿ. ಅಮ್ಮ ನಗ್ತಾರೆ," ಎಂದಳು ಶಾಲಿನಿ.

"ಇದು ಗೊತ್ತಿರೋರು ಯಾರ್ಯಾರು?"

"ಲಂಟಾನ ತಂಡದಲ್ಲಿ ನಾನು, ಸುಭಾಷ್. ಕಲಿಸೋರು ಪ್ರಮೋದ್ ಸಾರ್."

ಮಾರಯ್ಯ ಲೆಕ್ಕದಿಂದ ಹೋದ. ಲತಾಮಣಿ ಪ್ರಮೋದನ ನಂಬರ್ ಬರೆದುಕೊಂಡಳು.

*

ನಿಂಗರಾಜನನ್ನು ಕೋರ್ಟಿಗೆ ಒಯ್ಯುವ ದಾರಿಯಲ್ಲಿ ಜೀಪನ್ನು ಕೆರೆಯ ಬಳಿ ನಿಲ್ಲಿಸಲು ಸಂಜೀವಯ್ಯನವರನ್ನು ಬೇಡಿಕೊಂಡಳು. ಪ್ರಮೋದನೂ ಬರಲೆಂದು ಫೋನ್ ಮಾಡಿದ್ದಳು. ಅವನು ಬಂದವನೇ, "ಪಾಪದ ಹುಡುಗ ಸಾರ್, ಕೋಪದಲ್ಲಿ ಮಾಡಿರ್ತಾನೆ," ಎಂದ.

"ನಿಂಗರಾಜ, ಆ ಗಿಡ ಕೀಳು," ಎಂದಳು ಲತಾಮಣಿ.

ಬೇಡಿ ಬಿದ್ದ ಕೈಗಳಿಂದ ಅವನು ಲಂಟಾನವನ್ನು ಜಗ್ಗಿದ. ಬಂದದ್ದನ್ನು ಪಕ್ಕಕ್ಕೆ ಎಸೆದ. ಬೇರು ಹಸಿ ಮಣ್ಣಿಗೆ ಬಿತ್ತು.

"ಏನಮ್ಮ ಇದು, ಗಾರ್ಡನಿಂಗಾ?" ಸಂಜೀವಯ್ಯ ರೇಗಿದರು.

ಮಾತಾಡುತ್ತಲೇ ಪ್ರಮೋದ್ ಬಗ್ಗಿದ. ಗಿಡವನ್ನೆತ್ತಿದ. ಬೇರು ಮೇಲೆ ಮಾಡಿ ಇಟ್ಟ.

"ಸುಭಾಷ್ ಮೇಲೂ ಹೀಗೇ ಇಟ್ರಲ್ವಾ ಸಾರ್?"

ಪ್ರಮೋದ್ ತನ್ನ ಕೈಯನ್ನೇ ನೋಡಿಕೊಂಡ. ಮರುಗಳಿಗೆ ಕಳೆಯ ರಾಶಿಗೆ ಸಿಕ್ಕಿಸಿದ್ದ ಕುಡುಗೋಲು ಆ ಕೈಯಲ್ಲಿತ್ತು. ಮೊದಲ ಏಟಿಗೆ ಲತಾಮಣಿಯ ತೋಳು ಸೀಳಿ ಖಾಕಿ ಕೆಂಪಾಯಿತು. ಎರಡನೆಯದು ಕುತ್ತಿಗೆಗೇ ಬರುತ್ತಿತ್ತು. ನಿಂಗರಾಜ ಹಿಂದಿನಿಂದ ಬೇಡಿಯ ಸರಪಳಿಯನ್ನು ಅವನ ಗಂಟಲಿಗೆ ಹಾಕಿ ಜಗ್ಗಿದ. ಸಂಜೀವಯ್ಯನವರ ಲಾಠಿಗೆ ಪ್ರಮೋದನ ಮಣಿಕಟ್ಟು ಲಟಕ್ಕೆಂದಿತು.

ಪ್ರಮೋದನ ಕಾರಿನ ಡಿಕ್ಕಿಯಲ್ಲಿ ಗೋಣಿಚೀಲಗಳಿದ್ದವು. ಒಳಗೆ ಹಸಿ ಅಂತರಗಂಗೆ. ಅಡಿಯಲ್ಲಿ ರಕ್ತ ಒಣಗಿದ ಕೈಗವಸು, ಸುಭಾಷನ ಫೋನು.

"ಇದೇ ಕಳೆನ ಇಂಟರ್ನ್‌ಗಳು ದಿನಾ ಕೆರೆಯಿಂದ ತೆಗೀತಿದ್ರು ಸಾರ್," ಎಂದಳು ಲತಾಮಣಿ. "ಕೆರೆ ಪೂರ್ತಿ ಕ್ಲೀನ್ ಆದ್ರೆ ಪ್ರಾಜೆಕ್ಟ್ ಮುಚ್ಚತ್ತೆ. ಅದಕ್ಕೆ ಇವರು ಬೇರೆ ಕೆರೆಯಿಂದ ತಂದು ಮತ್ತೆ ಸುರೀತಿದ್ರು. ಸುಭಾಷ್ ನೋಡಿಬಿಟ್ಟ. ಹೊರಗೆ ಹಾಕ್ತೀನಿ ಅಂದಿದ್ದು ಇದನ್ನೇ. ಜಗಳ ಬಿಡಿಸೋವಾಗ ಅದು ಇವರ ಕಿವಿಗೆ ಬಿತ್ತು, ನಿಂಗರಾಜನ ಮಚ್ಚೇ ತಗೊಂಡ್ರು. ಹೆಣ ಮುಚ್ಚೋ ಗಾಬರೀಲೂ ಅಭ್ಯಾಸ ಬಿಡ್ಲಿಲ್ಲ."

"ಹುಡುಗ್ರಿಗೆ ಸ್ಟೈಪೆಂಡ್ ಬರ್ಲಿ ಅಂತಾನೇ ಮಾಡಿದ್ದು," ಎಂದು ನೆಲಕ್ಕೆ ಬಿದ್ದಿದ್ದ ಪ್ರಮೋದ್ ನರಳಿದ.

ಸಂಜೀವಯ್ಯ ತಮ್ಮ ಕರ್ಚೀಫನ್ನು ಲತಾಮಣಿಯ ತೋಳಿಗೆ ತಾವೇ ಬಿಗಿದರು. ಆಮೇಲೆ ನಿಂಗರಾಜನ ಬೇಡಿ ಬಿಚ್ಚಿದರು.

"ಇನ್ನ ಕೆಲಸಾ ಇರಂಗಿಲ್ಲಲ್ರೀ ಮೇಡಂ?"

"ಗೊತ್ತಿಲ್ಲಪ್ಪ."

ಹೆಣ ತೆಗೆಯುವಾಗ ಪೇದೆಗಳು ಗಿಡಗಳನ್ನು ಹೇಗೆಂದರೆ ಹಾಗೆ ಎಸೆದಿದ್ದರು. ನಿಂಗರಾಜ ಮಣಿಕಟ್ಟು ಉಜ್ಜಿಕೊಳ್ಳುತ್ತ ಹೋಗಿ ಕುಕ್ಕರಗಾಲಲ್ಲಿ ಕೂತ. ಒಂದೊಂದನ್ನೇ ಎತ್ತಿ, ಬೇರು ಮೇಲೆ ಮಾಡಿ ಇಡತೊಡಗಿದ.