ಎರಡು ರಾತ್ರಿ ಮೊದಲೇ ಎದ್ದ ಕುರಿಹಟ್ಟಿ

ಮಾಘ ಮಾಸ. ಮೆಣಸಿನಕಾಯಿ ಬಿಡಿಸುವ ಕಾಲ. ಬೆಳಗಿನ ಆರು ಗಂಟೆ, ಹೊತ್ತು ಇನ್ನೂ ಪೂರಾ ಹುಟ್ಟಿರಲಿಲ್ಲ.

ದೇವದುರ್ಗದಿಂದ ಗೂಗಲ್‌ಗೆ ಹೋಗುವ ದಾರಿಯ ಒಂದು ಹಳ್ಳಿ. ಕಮರುನ್ನೀಸಾ ಗಂಡನಿಗೆ ಚಹಾ ಒಯ್ದಳು. ಗಂಡ ಅಮೀನ್ ಟ್ರ್ಯಾಕ್ಟರ್ ಡ್ರೈವರ್. ತಾಲ್ಲೂಕು ಪಂಚಾಯಿತಿ ಚುನಾವಣೆಗೆ ಎಂಟು ದಿನ ಉಳಿದಿತ್ತು. ಅವನ ಪಕ್ಷದವರು ಬಾವುಟ, ಕರಪತ್ರಗಳನ್ನು ಊರಾಚೆಯ ತಗಡಿನ ಶೆಡ್ಡಿನಲ್ಲಿ ಇಟ್ಟಿದ್ದರು. ಕಾವಲಿನವನಿಗೆ ಜ್ವರ ಬಂದಿತ್ತು. ಅದೊಂದು ರಾತ್ರಿ ಅಮೀನ್ ಅಲ್ಲಿ ಮಲಗಿದ್ದ.

ಶೆಡ್ಡು ಸುಟ್ಟು ನಿಂತಿತ್ತು. ಹೊಗೆ ಕಂಡವರೂ ಯಾರೋ ಗದ್ದೆಯ ಕೂಳೆ ಸುಡುತ್ತಿದ್ದಾರೆ ಅಂದುಕೊಂಡು ಮಗ್ಗುಲು ಬದಲಿಸಿದ್ದರು. ಕಮರುನ್ನೀಸಾ ಬಾಗಿಲಿಗೆ ಕೈ ಹಚ್ಚಿದಳು. ಕೈ ಸುಟ್ಟಿತು. ಬಾಗಿಲ ಕೊಂಡಿ ಹೊರಗಿನಿಂದ ಹಾಕಿತ್ತು.

*

ಎಂಟು ಗಂಟೆಗೆ ಎ.ಎಸ್.ಐ. ಹನುಮಂತ್ರಾಯ ಬಂದ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವ. ಪೊಲೀಸಾಗಿ ಇಪ್ಪತ್ತೊಂಬತ್ತು ವರ್ಷ. ಚುನಾವಣೆಯ ಹೆಣ ಇದು ಅವನಿಗೆ ನಾಲ್ಕನೆಯದು. ಹಿಂದಿನ ಮೂರರಲ್ಲೂ ಜೈಲಿಗೆ ಹೋದವರು ಹುಡುಗರು. ಅವರನ್ನು ಕಳಿಸಿದವರು ಗೆದ್ದು ಹಾರ ಹಾಕಿಸಿಕೊಂಡಿದ್ದರು. ಆ ಹುಡುಗರ ಹೆಸರು ಅವನಿಗೆ ಇನ್ನೂ ನೆನಪಿತ್ತು.

"ಬೀಡಿ ಸೇದಿ ಮಲಗಿರ್ತಾನ್ರೀ," ಅಂದ ಒಬ್ಬ.

"ಬೀಡಿ ಸೇದಿ, ಹೊರಗ ಬಂದು ಕೊಂಡಿ ಹಾಕಿ, ತಿರುಗಿ ಒಳಗ ಹೋಗಿ ಮಲಗಿದ್ನೇನು?" ಅಂದ ಹನುಮಂತ್ರಾಯ. ಆ ಮನುಷ್ಯ ಹಿಂದೆ ಸರಿದ.

ಮೊದಲು ಕಾವಲಿನವನ ಮೇಲೆ ಅನುಮಾನ ಬಂತು. ಸರಿಯಾಗಿ ಅದೇ ರಾತ್ರಿ ಜ್ವರ ಹೇಗೆ ಬಂತು? ವಿಚಾರಿಸಿದರೆ ಅವನು ದೇವದುರ್ಗದ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿಸಿಕೊಂಡು ಮಲಗಿದ್ದ. ನಾಲ್ಕು ಮಂದಿ ನರ್ಸುಗಳು ಕಂಡಿದ್ದರು.

ಮರುದಿನ ಹತ್ತು ಗಂಟೆಗೆ ಹಾಲೇಶ ಎಂಬ ಹುಡುಗ ತಾನೇ ಸ್ಟೇಷನ್ನಿಗೆ ನಡೆದು ಬಂದ. ಎದುರು ಪಕ್ಷದ ಕಾರ್ಯಕರ್ತ. ಇಪ್ಪತ್ತಮೂರು ವರ್ಷ. ಕೈಯಲ್ಲಿ ಪೆಟ್ರೋಲ್ ಕ್ಯಾನು.

"ನಾ ಒಬ್ಬನ ಹಚ್ಚೀನ್ರೀ. ಸಂತ್ಯಾಗ ಅಮೀನ್ ನನಗ ಬೈದಿದ್ದ. ಒಳಗ ಯಾರೂ ಇಲ್ಲಂತ ತಿಳ್ಕೊಂಡಿದ್ದೆ."

"ಕೊಂಡಿ ಯಾರು ಹಾಕಿದ್ರು?"

"ಅದು ಮೊದಲ ಹಾಕಿತ್ರೀ."

"ಒಳಗ ಮಲಗಿದಾತ ಹೊರಗಿನ ಕೊಂಡಿ ಹ್ಯಾಂಗ ಹಾಕ್ಕೊಂಡ?"

ಹಾಲೇಶ ಮತ್ತೆ ಮೊದಲಿನಿಂದ ಅದನ್ನೇ ಹೇಳಿದ. ಬಾಯಿಪಾಠ ಮಾಡಿದವರ ಹಾಗೆ, ಅದೇ ಮಾತು, ಅದೇ ಸಾಲು.

ಅವನ ಪಕ್ಷದ ಮುಖಂಡ ಜಗನ್ನಾಥರಾವ್ ಅವತ್ತೇ ರಾಯಚೂರಿನಲ್ಲಿ ಪತ್ರಿಕೆಯವರನ್ನು ಕರೆಸಿದ. "ಹುಡುಗ್ರು, ಬಿಸಿ ರಕ್ತ. ಇದಕ್ಕೂ ನನಗೂ ಸಂಬಂಧ ಇಲ್ಲ. ಕಾನೂನು ತನ್ನ ಕೆಲಸ ಮಾಡ್ಲಿ," ಅಂದ. ನಾಲ್ಕು ದಿನದಿಂದ ರಾಯಚೂರಿನ ಮನೆಯಲ್ಲೇ ಇದ್ದೆ ಅಂತಲೂ ಹೇಳಿದ. ಅದು ನಿಜವೂ ಆಗಿತ್ತು.

*

ಸರ್ಕಲ್ ಇನ್ಸ್‌ಪೆಕ್ಟರ್ ಶ್ರೀಪ್ರಿಯಾ ಕಾಗದಗಳನ್ನು ಮುಚ್ಚಿದಳು. "ಹನುಮಂತ್ರಾಯರ, ಇಷ್ಟಕ್ಕ ಕೇಸ್ ಮುಗೀತು ಅಂತಾರ ಮ್ಯಾಲಿನವರು. ನೀವೇನಂತೀರಿ?"

"ಇನ್ನೊಮ್ಮೆ ಜಾಗಾ ನೋಡ್ಕೊಂಡು ಬರ್ತೀನ್ರಿ ಮೇಡಂ."

ಶೆಡ್ಡಿನ ಮಗ್ಗುಲಲ್ಲಿ ಕೊಯ್ಲಾದ ಹೊಲ. ಅದು ಜಗನ್ನಾಥರಾವನದೇ. ಹನುಮಂತ್ರಾಯ ಅದರಲ್ಲಿ ಕಾಲಿಟ್ಟವನು ನಿಂತೇಬಿಟ್ಟ.

ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ತರುಬಿಸುವುದು ಆ ಸೀಮೆಯ ರೂಢಿ. ಬಲೆ ಕಟ್ಟಿ ಹಟ್ಟಿ ಮಾಡುತ್ತಾರೆ. ಒಂದು ರಾತ್ರಿಗೆ ಒಂದು ಚೌಕ. ಮರುದಿನ ಬಲೆ ಮುಂದಿನ ಚೌಕಕ್ಕೆ. ಹಿಕ್ಕಿಯೂ ಉಚ್ಚೆಯೂ ಬಿದ್ದ ನೆಲ ಮೂರು ಬೆಳೆಗೆ ಗೊಬ್ಬರ ಬೇಡುವುದಿಲ್ಲ.

ಈ ಹೊಲದಲ್ಲಿ ಐದು ಚೌಕಕ್ಕೆ ಮೂಲೆಗಲ್ಲು ಇಟ್ಟಿದ್ದರು. ಮೂರರಲ್ಲಿ ಹಿಕ್ಕಿ ಹಾಸಿತ್ತು. ಶೆಡ್ಡಿಗೆ ಹತ್ತಿರದ ಎರಡು ಬೋಳು.

ಅವನು ಮೂರನೆಯ ಚೌಕದ ಹಿಕ್ಕಿ ಎತ್ತಿ ಬೆರಳಲ್ಲಿ ಒಡೆದ. ಮೂರು ದಿನದ್ದು. ಅಂದರೆ ಬೆಂಕಿ ಬೀಳುವ ಹಿಂದಿನ ಸಂಜೆಯೇ ಹಟ್ಟಿ ಎದ್ದಿತ್ತು. ಮಾತಾದ ಹಟ್ಟಿಯನ್ನು ಹೊಲದವರು ನಡುವೆ ಎಬ್ಬಿಸುವುದಿಲ್ಲ. ಮನೆಯಲ್ಲಿ ಸಾವಾದರೂ ಕುರಿ ಮಾತ್ರ ಇರಲಿ ಅನ್ನುತ್ತಾರೆ.

*

ಆ ಹಟ್ಟಿಯ ಕುರುಬ ಗದ್ದೆಪ್ಪ ಸಿಕ್ಕಿದ್ದು ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ ಹತ್ತಿರ. ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ.

"ಇಷ್ಟು ವರ್ಷ ಪೊಲೀಸಾದ್ರೂ ಮೈಯಾಗಿನ ಕುರಿ ವಾಸನಿ ಹೋಗಿಲ್ಲಲ್ಲೋ ನಿಂದು," ಅಂದ.

"ಅದಕ್ಕ ನಿನ್ನ ಜಾಡು ಹತ್ತಿದ್ದು. ಐದು ರಾತ್ರಿ ಮಾತಾಗಿತ್ತಲ್ಲ, ಮೂರಕ್ಕ ಯಾಕ ಎದ್ದಿ?"

"ನಾ ಯಾಕ ಏಳ್ಲಿ? ಧಣಿ ಫೋನ್ ಮಾಡಿದ್ದ."

"ಯಾವ ಧಣಿ?"

"ಹೊಲದ ಧಣಿ. ಜಗನ್ನಾಥರಾಯರು. 'ಇವತ್ತ ಸಂಜೀಕ ಎಬ್ಬಿಸ್ಕೊಂಡು ಹೋಗು ಗದ್ದೆಪ್ಪ. ಹಾಲು ಕುಡಿಯೋ ಮರಿ ಅದಾವ, ಆ ಶೆಡ್ಡಿನ ಹತ್ರ ಬ್ಯಾಡ' ಅಂದ್ರು. ನನಗೂ ಸೋಜಿಗ ಆತು. ಕುರಿ ಮ್ಯಾಲ ಅಷ್ಟು ಕಳವಳ ಇರೋ ಮನುಷ್ಯಾ ಅಲ್ಲ ಅದು."

ಹನುಮಂತ್ರಾಯ ಅಲ್ಲೇ ಕಲ್ಲಿನ ಮೇಲೆ ಕೂತ. ಬಿಸಿಲು ಏರುತ್ತಿತ್ತು. ಬೆಂಕಿ ಬೀಳುವುದು ಧಣಿಗೆ ಹಿಂದಿನ ದಿನವೇ ಗೊತ್ತಿತ್ತು. ಅದು ಹೊಲದಿಂದ ಗೊತ್ತಾಯಿತು. ಆದರೆ ಹಿಕ್ಕಿಯನ್ನು ಸಾಕ್ಷಿಕಟ್ಟೆಗೆ ಏರಿಸಲು ಬರುವುದಿಲ್ಲ. ಹಾಲೇಶನ ಫೋನು ಆ ರಾತ್ರಿ ಪೂರಾ ಮನೆಯಲ್ಲೇ ಇತ್ತು, ಅದರಿಂದ ಧಣಿಗೆ ಕರೆಯೂ ಹೋಗಿಲ್ಲ ಅಂತ ಕಂಪನಿಯವರ ದಾಖಲೆ ಹೇಳುತ್ತಿತ್ತು.

*

ಕಮರುನ್ನೀಸಾ ಇದ್ದತ್‌ನಲ್ಲಿದ್ದಳು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಹನುಮಂತ್ರಾಯ ಹೊರಗಿನ ಕಟ್ಟೆಯ ಮೇಲೆ ಕೂತ. ಅವಳು ಬಾಗಿಲ ಹಿಂದಿನಿಂದ ಮಾತಾಡಿದಳು.

"ಆ ಮುಂಜಾನಿ ಹಾಲೇಶನ್ನ ಯಾರರ ಕಂಡ್ರೇನಮ್ಮ?"

"ಕಂಡಿಲ್ಲ ಸಾಬ್. ಮಾತಾಡೀನಿ."

"ಎಲ್ಲಿ?"

"ಕಾಯಿ ಬಿಡಿಸೋ ಹೆಂಗಸ್ರನ್ನ ನಾನೇ ಕೂಡಿಸೋದು. ದಿನಾ ಐದಕ್ಕ ಎಲ್ಲಾರಿಗೂ ಫೋನ್ ಮಾಡ್ತೀನಿ. ಹಾಲೇಶನವ್ವ ಯಂಕಮ್ಮಗ ಮಾಡಿದ್ರ ಅಂವ ಎತ್ತಿದ. 'ಅವ್ವ ಬರಂಗಿಲ್ಲ' ಅಂದು ಇಟ್ಟುಬಿಟ್ಟ. ಪಿಸುಪಿಸು ಮಾತು."

ಬಾಗಿಲ ಸಂದಿಗೆ ಇನ್ನಷ್ಟು ಸರಿದಳು. ಆಮೇಲೆ ಕೇಳಿದಳು: "ಆವಾಗ ಅಂವ ಶೆಡ್ಡಿನ ಹತ್ರ ಇದ್ನೇನು ಸಾಬ್?"

ಹನುಮಂತ್ರಾಯ ಟೋಪಿ ತೆಗೆದು ಎದ್ದ.

*

ಹಾಲೇಶನ ತಾಯಿ ಯಂಕಮ್ಮ ಅಂಗಳದಲ್ಲಿ ಕೂತಿದ್ದಳು. ಅವಳಿಗೆ ಓದು ಬರುವುದಿಲ್ಲ. ಯಾವ ಹೊಲ, ಯಾವ ಊರು ಅಂತ ಫೋನಿನಲ್ಲಿ ಹೇಳಿದ್ದು ಮರೆತರೆ ಬರೆದುಕೊಳ್ಳಲು ಗೊತ್ತಿಲ್ಲ. ಅದಕ್ಕೆ ಮಗನೇ ಅವಳ ಫೋನಿಗೆ ಎಲ್ಲ ಮಾತೂ ತಾನಾಗಿ ರೆಕಾರ್ಡ್ ಆಗುವ ಹಾಗೆ ಮಾಡಿಕೊಟ್ಟಿದ್ದ. ಕೂಲಿಗೆ ಹೋಗುವ ಎಷ್ಟೋ ಹೆಂಗಸರು ಹಾಗೇ ಇಟ್ಟುಕೊಂಡಿರುತ್ತಾರೆ. ಹನುಮಂತ್ರಾಯನಿಗೆ ಅದು ಗೊತ್ತಿತ್ತು. ಅವನ ಹೆಂಡತಿಯೂ ಹಾಗೆಯೇ.

"ಯವ್ವಾ, ಆವತ್ತು ನಿನ್ನ ಫೋನ್ ಹಾಲೇಶ ಒಯ್ದಿದ್ದ."

"ಹೌದು."

"ಅದರಾಗಿನ ಮಾತು ಕೇಳೀಯೇನು?"

"ಮೂರು ಸಲ ಕೇಳೀನಿ." ಅವಳ ಕೈ ಎಲೆ ಅಡಿಕೆಯ ಚೀಲದ ಮೇಲೆ ಹೋಯಿತು. ಫೋನು ಅದರಲ್ಲೇ ಇತ್ತು. "ಇದನ್ನ ಕೊಟ್ರ ನನ್ನ ಮಗಗ ಏನಾಗ್ತದ?"

ಮಗನನ್ನು ಸಾಕ್ಷಿ ಮಾಡಿ ಬಿಡಿಸುತ್ತೇವೆ ಅನ್ನಬಹುದಿತ್ತು. ಹಿಂದೆ ಎಷ್ಟೋ ಸಲ ಹಾಗೆ ಅಂದವರನ್ನು ಅವನು ಕಂಡಿದ್ದ.

"ಶಿಕ್ಷಾ ಹೆಚ್ಚಾಗ್ತದ ಯವ್ವಾ. ಒಳಗ ಮನುಷ್ಯಾ ಅದಾನ ಅಂತ ಗೊತ್ತಿದ್ದೂ ಹಚ್ಚಿದ ಅಂತ ಆಗ್ತದ."

"ಕೊಡದಿದ್ರ?"

"ಹಚ್ಚು ಅಂದಾತ ಹೊರಗ ಉಳೀತಾನ. ಮುಂದಿನ ಚುನಾವಣಿಗೆ ಇನ್ನೊಬ್ಬಾಕಿ ಮಗನ್ನ ಕರೀತಾನ."

ಯಂಕಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ನೀ ಎಂಥಾ ಪೊಲೀಸಪಾ," ಅಂದಳು. "ಒಂದು ಸುಳ್ಳರ ಹೇಳಬಾರದೇನು ನನಗ?"

ಚೀಲದ ದಾರ ಬಿಚ್ಚಿದಳು. ಫೋನ್ ತೆಗೆದು ನೆಲದ ಮೇಲೆ ಇಟ್ಟಳು. ಅವನ ಕೈಗೆ ಕೊಡಲಿಲ್ಲ.

*

ರಾಯಚೂರಿನ ಮನೆಯ ಪಡಸಾಲೆ. ಜಗನ್ನಾಥರಾವ್ ಚಹಾ ತರಿಸಿದ. ಶ್ರೀಪ್ರಿಯಾ ಮುಟ್ಟಲಿಲ್ಲ.

"ಐದು ರಾತ್ರಿ ತರುಬಿಸಬೇಕಿದ್ದ ಕುರಿ ಮೂರಕ್ಕ ಎಬ್ಬಿಸೀರಿ. ಯಾಕ?"

"ನನ್ನ ಹೊಲ. ನನ್ನ ಮರ್ಜಿ."

"ಮರಿ ಸುಟ್ಟಾವು ಅಂತ ನಿಮಗ ಅಂಜಿಕಿ ಇತ್ತು. ಗದ್ದೆಪ್ಪಗ ಹೇಳೀರಿ. ಬೆಂಕಿ ಬೀಳೋದು ನಿಮಗ ಹಿಂದಿನ ದಿನಾನ ಗೊತ್ತಿತ್ತು."

"ಕುರುಬನ ಮಾತು ಕಟ್ಟಿಕೊಂಡು ಕೋರ್ಟಿಗೆ ಹೋಗ್ತೀರೇನು?" ಅವನು ನಕ್ಕ.

"ಇಲ್ಲ. ಹಾಲೇಶ ತನ್ನ ಫೋನ್ ಮನ್ಯಾಗ ಬಿಟ್ಟು ಅವನವ್ವನ ಫೋನ್ ಒಯ್ದಿದ್ದ. ಸಿಕ್ಕಿಬೀಳಬಾರದಂತ. ಆಕಿ ಫೋನಿನ್ಯಾಗ ಎಲ್ಲಾ ಉಳೀತದ ಅನ್ನೋದು ಗಾಬರ್ಯಾಗ ಮರೆತಿದ್ದ." ಅವಳು ಆ ಫೋನಿನ ರೆಕಾರ್ಡ್ ಹಚ್ಚಿದಳು.

*ಧಣಿ, ಒಳಗ ಯಾರೋ ಮಲಗ್ಯಾರ. ಅಮೀನ್ ಇದ್ದಂಗ ಕಾಣ್ತದ. ತಿರುಗಿ ಬರಲೇನ್ರಿ?* ಹಾಲೇಶನ ಪಿಸುಧ್ವನಿ.

ಸ್ವಲ್ಪ ಹೊತ್ತು ಬರೀ ಗಾಳಿ.

*ಕೊಂಡಿ ಹಾಕಿ ಹಚ್ಚು. ಮುಂದಿಂದು ನಾ ನೋಡ್ಕೋತೀನಿ.*

ಜಗನ್ನಾಥರಾವ್ ಲೋಟ ಕೆಳಗಿಟ್ಟ. "ಕಡ್ಡಿ ಗೀರಿದ್ದು ನಾನಲ್ಲ," ಅಂದ. ಧ್ವನಿ ಇಳಿದಿತ್ತು.

"ಗೀರಿದಾತನ ಮ್ಯಾಲ ಯಾವ ಕಲಂ ಅದನೋ ಅದ ನಿಮ್ಮ ಮ್ಯಾಲ. ಹೇಳಿದ್ದಕ್ಕ ನೀವು, ಕೇಳಿದ್ದಕ್ಕ ಅಂವ. ಒಬ್ಬರ ಪಾಪ ಇನ್ನೊಬ್ಬರು ಹೊರಂಗಿಲ್ಲ. ಧ್ವನಿ ಪರೀಕ್ಷಾಕ್ಕ ನಡೀರಿ."

ಅವನು ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡು ಬಂದ. ಹೊರಗೆ ನಿಂತ ಅವನ ಹುಡುಗರು ಘೋಷಣೆ ಕೂಗಲು ಬಾಯಿ ತೆರೆದರು. ಹನುಮಂತ್ರಾಯ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದ. ಒಬ್ಬರೂ ಕೂಗಲಿಲ್ಲ.

*

ಬುಧವಾರ ಇಬ್ಬರನ್ನೂ ಒಂದೇ ವ್ಯಾನಿನಲ್ಲಿ ಜೈಲಿಗೆ ಒಯ್ದರು. ಹಾಲೇಶ ಧಣಿಯ ಕಡೆ ನೋಡುತ್ತಲೇ ಇದ್ದ. ಧಣಿ ಕಿಟಕಿಯ ಕಡೆ ತಿರುಗಿ ಕೂತಿದ್ದ.

ಯಂಕಮ್ಮನನ್ನು ಊರಲ್ಲಿ ಯಾರೂ ಕೂಲಿಗೆ ಕರೆಯಲಿಲ್ಲ. ಒಂದು ಕಡೆಯವರಿಗೆ ಅವಳು ಧಣಿಯನ್ನು ಹಿಡಿದುಕೊಟ್ಟವಳು. ಇನ್ನೊಂದು ಕಡೆಯವರಿಗೆ ಕೊಂದವನ ತಾಯಿ. ಸಿರವಾರದಲ್ಲಿ ತಂಗಿ ಇದ್ದಳು. ಗಂಟು ಕಟ್ಟಿದಳು.

ಬಸ್ಸಿಗೆ ಹೋಗುವಾಗ ಕಮರುನ್ನೀಸಾಳ ಮನೆ ಮುಂದೆ ನಿಂತಳು. ಹನ್ನೆರಡು ವರ್ಷ ಇಬ್ಬರೂ ಒಂದೇ ಸಾಲಿನಲ್ಲಿ ಕಾಯಿ ಬಿಡಿಸಿದವರು. ಕಮರುನ್ನೀಸಾ ಬಾಗಿಲ ಒಳಗೆ ನಿಂತಿದ್ದಳು. ಬಾ ಅನ್ನಲಿಲ್ಲ. ಬಾಗಿಲು ಮುಚ್ಚಲೂ ಇಲ್ಲ.

ಹಾರ್ನ್ ಕೇಳಿತು. ಯಂಕಮ್ಮ ಗಂಟು ತಲೆಯ ಮೇಲಿಟ್ಟುಕೊಂಡು ಹೋಗಿ ಬಸ್ ಹತ್ತಿದಳು.