ಕುರಿಹಟ್ಟಿಯ ಮಾಳವ್ವ ಮತ್ತು ಕಂಚಿನ ದಂಡು

ಬಹಳ ಹಿಂದೆ, ಕಲ್ಲುಗಳೂ ಬೆಳೆಯುತ್ತಿದ್ದ ಕಾಲದಲ್ಲಿ, ಗವಿದುರ್ಗವೆಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಕರಾಳಜಂಘನೆಂಬ ಮಾಂತ್ರಿಕ. ಹಾಳಾದವನು ಊರೂರಿನ ಹುಡುಗರನ್ನು ಎಳೆತಂದು, ಕೊಪ್ಪರಿಗೆಯಲ್ಲಿ ಅದ್ದಿ, ಕಂಚಿನ ಸಿಪಾಯಿಗಳನ್ನಾಗಿ ಮಾಡುತ್ತಿದ್ದ. ಹತ್ತು ಸಾವಿರದ ದಂಡು! ಅವನು ಕಹಳೆ ಊದಿದರೆ ನಡೆಯುತ್ತಿತ್ತು, ಊದಿದರೆ ಕೊಲ್ಲುತ್ತಿತ್ತು. ಊದದಿದ್ದರೆ ಮೂಗಿನ ಮೇಲಿನ ನೊಣವನ್ನೂ ಓಡಿಸುತ್ತಿರಲಿಲ್ಲ.

ಕುರಿಹಟ್ಟಿಯ ಮಾಳವ್ವನ ತಮ್ಮ ಚಿಕ್ಕೀರನನ್ನೂ ಎಳೆದೊಯ್ದರು. ತಮ್ಮನನ್ನು ತರದೆ ಬಿಡೆನೆಂದು ಮಾಳವ್ವ ಕವಣೆ ಹಿಡಿದಳು. ಹಟ್ಟಿಯೇ ಅವಳ ಜೊತೆ ಎದ್ದಿತು.

ಆ ಹಟ್ಟಿಯಲ್ಲೊಂದು ಕಟ್ಟಳೆ. ತೋಳವನ್ನು ಮೊದಲು ಕಂಡವರೇ ಆ ಹೊತ್ತಿನ ಗೌಡರು. ಅವರು ಕೂಗಿದ ಕಡೆಗೆ ಎಲ್ಲರೂ ಓಡಬೇಕು. ಅಪ್ಪಣೆ ಕೇಳಿಕೊಂಡು ಕೂತರೆ ಕುರಿ ಉಳಿದೀತೇ?

ಮಾಂತ್ರಿಕನ ತಲೆಗೆ ಇದು ಹೋಗಲೇ ಇಲ್ಲ. ಮೊದಲ ಸಲ ದಂಡು ಬಂದು ಆ ಹೊತ್ತಿನ ಗೌಡ ಬೊಮ್ಮಯ್ಯನ ತಲೆ ಕಡಿಯಿತು. ಮರುದಿನ ದಂಡನ್ನು ಕಂಡ ನಿಂಗಜ್ಜಿ ಕೂಗಿದಳು, ಕಣಿವೆಯ ತುಂಬ ಕವಣೆಕಲ್ಲು ಸುರಿಯಿತು. ಎರಡನೆಯ ಸಲ ಅಜ್ಜಿಯನ್ನು ಕಲ್ಲಾಗಿಸಿದ. ಮರುದಿನ ಕುಂಟ ಮಲ್ಲಣ್ಣ ಕೂಗಿದ. ಮೂರನೆಯ ಸಲ ಮಲ್ಲಣ್ಣನನ್ನು ಕಾಗೆ ಮಾಡಿದ. ಸಂಜೆಗೇ ಮಾಳವ್ವ ಕೂಗಿದಳು.

ರೋಸಿಹೋದ ಮಾಂತ್ರಿಕ ಅವಳನ್ನು ಕೋಟೆಗೆ ಹಿಡಿತರಿಸಿದ.

"ನಿಮ್ಮ ನಾಯಕ ಯಾರು?"

"ಇವತ್ತು ನಾನು. ನಾಳೆ ಯಾರೋ, ನನಗೇನು ಗೊತ್ತು? ಬೇಕಾದರೆ ಕೊಂದು ನೋಡು."

ಅವನು ಕಹಳೆ ಎತ್ತಿದ. ಮಾಳವ್ವ ಹೊದ್ದಿದ್ದ ಕಂಬಳಿಯನ್ನೇ ಉಂಡೆ ಮಾಡಿ ಅದರ ಬಾಯಿಗೆ ತುರುಕಿದಳು. ಮಾಂತ್ರಿಕನ ಕೆನ್ನೆ ಉಬ್ಬಿತು, ಸದ್ದು ಹೊರಡಲಿಲ್ಲ. ಅಷ್ಟರಲ್ಲಿ ಹಟ್ಟಿಯವರು, ಯಾರೂ ಕರೆಯದಿದ್ದರೂ, ಕೋಟೆಬಾಗಿಲು ಮುರಿದಿದ್ದರು. ಹತ್ತು ಸಾವಿರದ ದಂಡು ಸುಮ್ಮನೆ ನಿಂತಿತ್ತು. ಮಂತ್ರವೆಲ್ಲ ಆ ಕಹಳೆಯ ಉಸಿರಿನಲ್ಲೇ ಇತ್ತು; ಅದು ಕಟ್ಟಿದ್ದೇ ತಡ, ನೂರು ಎಣಿಸುವುದರೊಳಗೆ ಕಂಚಿನ ಚಿಪ್ಪುಗಳೆಲ್ಲ ಕಳಚಿ ಬಿದ್ದವು. ಒಳಗಿದ್ದ ಹುಡುಗರು ಮನೆಮನೆಗೆ ಓಡಿದರು. ಆ ಪಾಪಿಗಾಗಿ ಒಬ್ಬನೂ ನಿಲ್ಲಲಿಲ್ಲ, ಯಾಕೆ ನಿಂತಾನು? ಹಟ್ಟಿಯವರು ಅವನನ್ನು ಅವನ ಕೊಪ್ಪರಿಗೆಗೇ ಎತ್ತಿಹಾಕಿದರು.

ಅವನೊಂದಿಗೆ ಅವನ ಮಾಟವೂ ಅಳಿದು ಕಲ್ಲು ಅಜ್ಜಿಯಾಯಿತು, ಕಾಗೆ ಮಲ್ಲಣ್ಣನಾಯಿತು. ಬೊಮ್ಮಯ್ಯ ಮಾತ್ರ ಏಳಲಿಲ್ಲ.

ಮನೆಯಲ್ಲಿ ಮಾಳವ್ವ ತಮ್ಮನಿಗೆ ಬಿಸಿ ಮುದ್ದೆ ಬಡಿಸಿದಳು. ಅವನು ಕೂರಲೂ ಇಲ್ಲ, ಮುಟ್ಟಲೂ ಇಲ್ಲ. ನೆಟ್ಟಗೆ ನಿಂತು ಕೇಳಿದ:

"ಅಕ್ಕಾ, ಉಣ್ಣಲಾ?"

ಮಾಳವ್ವನ ಮೈ ಉರಿದುಹೋಯಿತು. ಒನಕೆ ಹೊತ್ತು ಕೋಟೆಗೆ ಹೋಗಿ, ಆ ಕಹಳೆಯನ್ನು ಪುಡಿಪುಡಿಯಾಗುವ ತನಕ ಜಜ್ಜಿದಳು. ತಿರುಗಿ ಬಂದು ತಮ್ಮನ ಎದುರು ಕುಳಿತಳು. ಉಣ್ಣೆಂದು ಮಾತ್ರ ಹೇಳಲಿಲ್ಲ. ಮುದ್ದೆ ಆರಿ ತಣ್ಣಗಾಯಿತು. ಕೊನೆಗೆ ಚಿಕ್ಕೀರ ತಾನಾಗಿಯೇ ಕುಳಿತು ತುತ್ತು ಮುರಿದ. ಅಲ್ಲಿಂದಾಚೆಗೆ ಹಟ್ಟಿಯವರೆಲ್ಲ ಸುಖವಾಗಿ ಬಾಳಿದರು.